ಇಪ್ಪತ್ತು ಸೆಕೆಂಡು

ನರಿತಾದಲ್ಲಿ ವಿಮಾನ ಇಳಿದಾಕ್ಷಣ ಟೋಕಿಯೋ ಬಂತು ಅಂದುಕೊಳ್ಳಬೇಡಿ. ಊರಿನ ನಡುಭಾಗ ಅಲ್ಲಿಂದ ಇನ್ನೂ 60 ಕಿ.ಮೀ. ದೂರ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಎಂಟು ಗಂಟೆ ಕೂತು ಬಂದ ಸೊಂಟಕ್ಕೆ ಮತ್ತೆ ಒಂದೂವರೆ ಗಂಟೆ ರೈಲು. ಕಿಟಕಿಯಾಚೆ ಮೊದಲು ಗದ್ದೆ, ಬಿದಿರುಮೆಳೆ, ಹೆಂಚಿನ ಮನೆ. ಆಮೇಲೆ ಕಟ್ಟಡಗಳು ಶುರುವಾಗುತ್ತವೆ, ಮುಗಿಯುವುದೇ ಇಲ್ಲ. ಸುತ್ತಲ ಪ್ರಾಂತಗಳನ್ನೂ ಸೇರಿಸಿದ ಮಹಾಟೋಕಿಯೋದಲ್ಲಿ ಸುಮಾರು 3.7 ಕೋಟಿ ಜನ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಬೀದರಿನಿಂದ ಚಾಮರಾಜನಗರದವರೆಗಿನ ನಮ್ಮ ಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಮಂದಿ ಒಂದೇ ಊರಿನ ಸುತ್ತಮುತ್ತ ಇದ್ದಾರೆ ಎಂದಾಯಿತು.

ಕೋಟಿಯ ಲೆಕ್ಕ ಕೇಳುವುದಕ್ಕೆ ಚೆನ್ನ, ಮೈಗೆ ತಟ್ಟುವುದಿಲ್ಲ. ಅದು ತಟ್ಟಿದ್ದು ಶಿಂಜುಕು ನಿಲ್ದಾಣದಲ್ಲಿ ಇಳಿದಾಗ. ಜಗತ್ತಿನಲ್ಲೇ ಅತಿ ಹೆಚ್ಚು ಗಿಜಿಗುಡುವ ನಿಲ್ದಾಣ ಎಂದು ಗಿನ್ನೆಸ್ ದಾಖಲೆಯಲ್ಲಿರುವುದು ಇದೇ. 2018ರಲ್ಲಿ ದಿನಕ್ಕೆ 35 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರಿದ್ದರು; ಐದು ರೈಲು ಸಂಸ್ಥೆಗಳು, 200ಕ್ಕೂ ಹೆಚ್ಚು ಹೊರಬಾಗಿಲು. ಹತ್ತುವವರನ್ನೂ ಇಳಿಯುವವರನ್ನೂ ಸೇರಿಸಿ ಮಾಡಿದ ಲೆಕ್ಕವಿದು, ಬೇಕಾದರೆ ಅರ್ಧ ಮಾಡಿಕೊಳ್ಳಿ. ಆದರೂ ನಮ್ಮ ಮೆಟ್ರೋವನ್ನು ಮೀರಿಸುತ್ತದೆ: 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಉದ್ಘಾಟನೆಯಾದ ಮರುದಿನ ಬೆಂಗಳೂರಿನ ಎಲ್ಲ ನಿಲ್ದಾಣಗಳೂ ಸೇರಿ ಹತ್ತು ಲಕ್ಷ ದಾಟಿದಾಗ ಅದೇ ದೊಡ್ಡ ಸುದ್ದಿಯಾಗಿತ್ತು.

ಅಮ್ಮ ನನ್ನ ತೋಳು ಬಿಡಲಿಲ್ಲ. ತೇರಿನ ದಿನ ರಥಬೀದಿಯಲ್ಲಿ ನಿಂತ ಹಾಗಿದೆ, ಆದರೆ ಒಬ್ಬರೂ ತಳ್ಳುತ್ತಿಲ್ಲವಲ್ಲ, ಎಂದರು. ನಿಜವೇ. ಅಷ್ಟು ಜನರಿದ್ದೂ ಕೇಳುವುದು ಕಾಲಿನ ಸದ್ದು ಮಾತ್ರ. ಬಾಗಿಲಿನ ಹೆಸರು ಗೊತ್ತಿಲ್ಲದೆ ಇಲ್ಲಿ ಇಳಿಯುವುದು ದಡ್ಡತನ. ದಕ್ಷಿಣ ಎಂದಷ್ಟೇ ಹೇಳಿದರೂ ಸಾಲದು, ಹೊಸ ದಕ್ಷಿಣ ಬೇರೆ, ಆಗ್ನೇಯ ಬೇರೆ.

ಇಷ್ಟು ಜನ ಒಂದೇ ದಿನ ಹಾಯುವುದು ಹೇಗೆ? ಉತ್ತರ ಟಿಕೆಟ್ ಗೇಟಿನಲ್ಲೇ ಇದೆ. 2001ರಲ್ಲಿ ಬಂದ ಸುಯಿಕಾ ಎಂಬ ಪ್ರಯಾಣದ ಕಾರ್ಡನ್ನು ನಿಮಿಷಕ್ಕೆ 60 ಜನ ದಾಟಬೇಕು ಎಂಬ ಲೆಕ್ಕದಲ್ಲೇ ರೂಪಿಸಿದ್ದರು. ಕಾರ್ಡು ತಾಗಿಸಿ, ದುಡ್ಡು ಕಳೆದು, ದಾರಿ ಬಿಡಲು ಯಂತ್ರಕ್ಕೆ ಸಿಗುವುದು ಸೆಕೆಂಡಿನ ಐದನೇ ಒಂದು ಪಾಲು. ಕಾರ್ಡು ಇಡುವ ಕೈ ನಿಲ್ಲುವುದೇ ಇಲ್ಲ, ನಡೆಯುತ್ತಲೇ ತಾಗುತ್ತದೆ. ಮಕ್ಕಳ ಅರ್ಧ ಟಿಕೆಟ್ ಕಾರ್ಡಿಗೆ ಗೇಟು ಬೀಪ್ ಎನ್ನದೆ ಮರಿಹಕ್ಕಿಯಂತೆ ಚಿಲಿಪಿಲಿಗುಟ್ಟುತ್ತದೆ. ಮಗಳಿಗೆ ಮೊದಲ ದಿನ ಜಪಾನೆಂದರೆ ಅಷ್ಟೇ ಆಗಿತ್ತು. ಮುದ್ದಿಗಾಗಿ ಮಾಡಿದ್ದಲ್ಲ ಅದು. ದೊಡ್ಡವರು ಮಕ್ಕಳ ಕಾರ್ಡು ಹಿಡಿದು ನುಗ್ಗಿದರೆ ಸಿಬ್ಬಂದಿಗೆ ತಕ್ಷಣ ಗೊತ್ತಾಗಲಿ ಎಂದು.

ನನ್ನನ್ನು ಕೇಳಿದರೆ ಆ ಊರಿನ ದೊಡ್ಡ ಸಂಖ್ಯೆಗಳ ಗುಟ್ಟೆಲ್ಲ ಇಂಥ ಪುಟ್ಟ ಸಂಖ್ಯೆಗಳಲ್ಲಿದೆ. ಟೋಕಿಯೋ ನಿಲ್ದಾಣಕ್ಕೆ ಬಂದ ಶಿಂಕಾನ್ಸೆನ್ ಬುಲೆಟ್ ರೈಲನ್ನು ಗುಡಿಸಿ, ಒರೆಸಿ, ಸೀಟು ತಿರುಗಿಸಲು ಸ್ವಚ್ಛತಾ ತಂಡಕ್ಕೆ ಸಿಗುವುದು ಏಳೇ ನಿಮಿಷ. 2017ರ ನವೆಂಬರಿನಲ್ಲಿ ತ್ಸುಕುಬಾ ಎಕ್ಸ್‌ಪ್ರೆಸ್ ಮಾರ್ಗದ ಒಂದು ರೈಲು 9 ಗಂಟೆ 44 ನಿಮಿಷ 40 ಸೆಕೆಂಡಿಗೆ ಹೊರಡಬೇಕಿತ್ತು, 20 ಸೆಕೆಂಡು ಮೊದಲೇ ಹೊರಟಿತು. ಒಬ್ಬ ಪ್ರಯಾಣಿಕನೂ ದೂರಲಿಲ್ಲ, ಮುಂದಿನ ರೈಲು ನಾಲ್ಕೇ ನಿಮಿಷದಲ್ಲಿತ್ತು. ಆದರೂ ಸಂಸ್ಥೆ ಬಹಿರಂಗವಾಗಿ ಕ್ಷಮೆ ಕೇಳಿತು. ಗಮನಿಸಿ, ತಡವಾಗಿದ್ದಕ್ಕಲ್ಲ. ವೇಳಾಪಟ್ಟಿಯನ್ನು ಸೆಕೆಂಡಿನಲ್ಲಿ ಬರೆಯುತ್ತಾರೆ ಎಂಬುದೇ ನಮ್ಮಂಥವರಿಗೆ ಸುದ್ದಿ.

ಶಿಂಜುಕು ನಿಲ್ದಾಣದಿಂದ ಹೋಟೆಲಿಗೆ ಹೋಗುವ ಗಲ್ಲಿಯಲ್ಲಿ ಕಂಡದ್ದು ಮಾರಾಟಯಂತ್ರಗಳು. ಬಾಟಲಿಯ ಕೆಳಗೆ ನೀಲಿ ಪಟ್ಟಿಯಿದ್ದರೆ ತಂಪು, ಕೆಂಪಿದ್ದರೆ ಬಿಸಿ. ಕೆಂಪು ಪಟ್ಟಿ ಒತ್ತಿದೆವು. ಧಡ್ ಎಂದು ಬಿದ್ದ ಕಾಫಿ ಡಬ್ಬಿ ಹಿಡಿಯಲಾರದಷ್ಟು ಬಿಸಿ. ಚಳಿಗೆ ಮರಗಟ್ಟಿದ್ದ ಬೆರಳುಗಳನ್ನು ಅಮ್ಮ ಅದಕ್ಕೇ ಒತ್ತಿಕೊಂಡರು, ಕುಡಿದ ಮೇಲೆ ಮಾತ್ರ ಡಿಕಾಕ್ಷನ್ ಸಾಲದು ಎಂದು ತೀರ್ಪು ಕೊಟ್ಟರು. ಟಿಕೆಟ್ ಯಂತ್ರ, ಲಾಕರುಗಳೂ ಸೇರಿ ದೇಶದಲ್ಲಿ ಇಂಥವು ಹತ್ತಿರ ಹತ್ತಿರ 40 ಲಕ್ಷ ಇವೆ, ಜನ 12 ಕೋಟಿ ಚಿಲ್ಲರೆ. ಹೆಚ್ಚುಕಡಿಮೆ ಮೂವತ್ತು ಜನಕ್ಕೆ ಒಂದು. ಬೀದಿಯಲ್ಲಿ ದುಡ್ಡು ತುಂಬಿದ ಪೆಟ್ಟಿಗೆಗಳು ರಾತ್ರಿಯೆಲ್ಲ ಒಂಟಿಯಾಗಿ ನಿಂತಿರುತ್ತವೆ, ಒಡೆಯುವವರು ಅಪರೂಪ ಎನ್ನುವುದು ಆ ಸಂಖ್ಯೆಗಿಂತ ದೊಡ್ಡ ಮಾತು.

ಮಕ್ಕಳಿರುವ ಮನೆಯವರು ಇನ್ನೊಂದು ಲೆಕ್ಕ ತಿಳಿದಿರಬೇಕು. 2018ರಲ್ಲಿ ಟೋಕಿಯೋ ಪೊಲೀಸರ ಕೈಸೇರಿದ ಕಳೆದುಹೋದ ವಸ್ತುಗಳು 41 ಲಕ್ಷ. ನಗದೇ 383 ಕೋಟಿ ಯೆನ್. ಅದರಲ್ಲಿ ಮುಕ್ಕಾಲು ಪಾಲು ವಾರಸುದಾರರಿಗೆ ಮರಳಿತು. ಕೊಡೆಗಳು ಮೂರು ಲಕ್ಷಕ್ಕೂ ಹೆಚ್ಚು. ಅವನ್ನೂ ಚೀಟಿ ಕಟ್ಟಿ, ಸಾಲಾಗಿ ತೂಗುಹಾಕಿ ಇಡುತ್ತಾರೆ. ಹಾಗಾಗಿ ಮೊದಲ ದಿನವೇ ಪರ್ಸೋ ಮಕ್ಕಳ ಕೊಡೆಯೋ ರೈಲಿನಲ್ಲಿ ಉಳಿದುಹೋದರೆ ಹೋಯಿತು ಅಂದುಕೊಳ್ಳಬೇಡಿ, ನಿಲ್ದಾಣದ ಕಿಟಕಿಯಲ್ಲೋ ಪೊಲೀಸ್ ಚೌಕಿಯಲ್ಲೋ ವಿಚಾರಿಸಿ. ಪರ್ಸಿಗೆ ಎಲ್ಲರೂ ಹೋಗುತ್ತಾರೆ. ಕೊಡೆ ಕೇಳಿಕೊಂಡು ಬರುವವರು ಮಾತ್ರ ನೂರಕ್ಕೆ ಒಬ್ಬರು.