ಕರುಳಿನ ಉರಿಯೂತ: ನೋವು ನಿಂತಿತೆಂದು ಮದ್ದು ನಿಲ್ಲಿಸಬೇಡಿ

ಮಲದಲ್ಲಿ ರಕ್ತ ಕಂಡರೆ ಕಾಸರಗೋಡು, ಮಂಜೇಶ್ವರ ಕಡೆಯ ಮನೆಗಳಲ್ಲಿ ಮೊದಲು ಬರುವ ಮಾತು ‘ಪೈಲ್ಸ್ ಇರ್ಬೇಕು’ ಅಂತ. ಪದೇ ಪದೇ ಭೇದಿಯಾದರೆ ‘ಹೊರಗಿನ ಊಟ ಆಗ್ಲಿಲ್ಲ’. ಮೆಡಿಕಲ್‌ನಿಂದ ಒಂದು ಸ್ಟ್ರಿಪ್ ಮಾತ್ರೆ ತಂದು, ನಾಲ್ಕು ದಿನ ಗಂಜಿ ಕುಡಿದು ಸುಮ್ಮನಾಗುತ್ತಾರೆ. ಹೆಚ್ಚಿನ ಸಲ ಅದು ಸಣ್ಣ ತೊಂದರೆಯೇ ಆಗಿರುತ್ತದೆ. ಆದರೆ ಭೇದಿ, ರಕ್ತ, ಹೊಟ್ಟೆನೋವು ನಾಲ್ಕು ವಾರ ದಾಟಿಯೂ ನಿಲ್ಲದಿದ್ದರೆ, ತೂಕ ಇಳಿಯುತ್ತಾ ಬಂದರೆ, ನಡುರಾತ್ರಿ ನಿದ್ದೆಯಿಂದ ಎದ್ದು ಶೌಚಾಲಯಕ್ಕೆ ಓಡಬೇಕಾಗಿ ಬಂದರೆ ಅದು ಕರುಳಿನ ದೀರ್ಘಕಾಲದ ಉರಿಯೂತ ಆಗಿರಬಹುದು. ಈ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು 15ರಿಂದ 35ರ ವಯಸ್ಸಿನಲ್ಲಿ. ಓದು, ಕೆಲಸ, ಗಲ್ಫ್ ವೀಸಾ, ಮದುವೆ ಎಲ್ಲ ಒಟ್ಟಿಗೆ ಬರುವ ಹೊತ್ತಿನಲ್ಲಿ.

ಏನಿದು ಕಾಯಿಲೆ?

ವೈದ್ಯರು ಇದನ್ನು ಚಿಕ್ಕದಾಗಿ ‘ಐಬಿಡಿ’ ಎನ್ನುತ್ತಾರೆ. ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದೊಡ್ಡ ಕರುಳಿನ ಒಳಪದರ ಹುಣ್ಣಾಗುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಮಲದ್ವಾರದವರೆಗೆ ಎಲ್ಲಿಯೂ ಬರಬಹುದು, ಕರುಳಿನ ಗೋಡೆಯ ಒಳಗಿನವರೆಗೂ ಇಳಿಯಬಹುದು. 1932ರಲ್ಲಿ ನ್ಯೂಯಾರ್ಕಿನ ವೈದ್ಯ ಬರ್ರಿಲ್ ಕ್ರೋನ್ ಮತ್ತು ಸಂಗಡಿಗರು ಇದನ್ನು ವಿವರಿಸಿದ್ದರಿಂದ ಆ ಹೆಸರು ಬಂತು. ‘ಐಬಿಎಸ್’ ಎಂಬುದು ಬೇರೆಯೇ ತೊಂದರೆ, ಅದರಲ್ಲಿ ಕರುಳಿನಲ್ಲಿ ಹುಣ್ಣಾಗುವುದಿಲ್ಲ, ರಕ್ತ ಬರುವುದಿಲ್ಲ.

ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿ ಸ್ವಂತ ಕರುಳಿನ ಮೇಲೆಯೇ ತಿರುಗಿಬೀಳುವುದರಿಂದ ಹೀಗಾಗುತ್ತದೆ. ವಂಶವಾಹಿ, ಕರುಳಿನ ಬ್ಯಾಕ್ಟೀರಿಯಾ, ಸುತ್ತಲಿನ ಪರಿಸರ ಎಲ್ಲವೂ ಸೇರಿದ ಕಾರಣ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಯಾವುದೋ ಮದುವೆಯಲ್ಲಿ ತಿಂದ ಒಂದು ಊಟದಿಂದ ಬಂದದ್ದೂ ಅಲ್ಲ, ಯಾರದೋ ಕಣ್ಣು ಬಿದ್ದು ಬಂದದ್ದೂ ಅಲ್ಲ. ಇದು ಬರೀ ಪಾಶ್ಚಾತ್ಯರ ಕಾಯಿಲೆ ಎಂಬ ನಂಬಿಕೆಯೂ ಹಳತು. ಪಂಜಾಬಿನಲ್ಲಿ ಮನೆಮನೆ ಸಮೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಕಂಡುಬಂದಿತ್ತು.

ಟಿಬಿಯೋ, ಕ್ರೋನ್ಸೋ?

ಮಲಪರೀಕ್ಷೆ, ರಕ್ತಪರೀಕ್ಷೆ, ಕೊಲೊನೊಸ್ಕೋಪಿ, ಬಯಾಪ್ಸಿ ಎಲ್ಲ ಸೇರಿಸಿ ಕಾಯಿಲೆ ಖಚಿತಪಡಿಸುತ್ತಾರೆ. ಆದರೆ ಭಾರತದಲ್ಲಿ ಇನ್ನೊಂದು ಕಷ್ಟವಿದೆ. ಕರುಳಿನ ಟಿಬಿ ಮತ್ತು ಕ್ರೋನ್ಸ್ ನೋಡಲು ಬಹುತೇಕ ಒಂದೇ ತರ. ಬಯಾಪ್ಸಿಯಲ್ಲೂ ಕೆಲವೊಮ್ಮೆ ಸ್ಪಷ್ಟವಾಗುವುದಿಲ್ಲ. ಆಗ ವೈದ್ಯರು ಮೊದಲು ಟಿಬಿ ಮದ್ದು ಕೊಟ್ಟು, ಕೆಲವು ತಿಂಗಳ ನಂತರ ಮತ್ತೆ ಒಳಗೆ ನೋಡಿ ತೀರ್ಮಾನಿಸುವುದುಂಟು. ‘ಡಾಕ್ಟರಿಗೇ ಗೊತ್ತಿಲ್ಲ’ ಎಂದು ಮನೆಯವರು ಬೇಸತ್ತು ಆಸ್ಪತ್ರೆ ಬದಲಿಸುವುದು, ನಾಟಿ ಮದ್ದಿಗೆ ಹೋಗುವುದು ಈ ಹಂತದಲ್ಲೇ. ಟಿಬಿ ಇರುವವರಿಗೆ ಕ್ರೋನ್ಸ್‌ನ ಮದ್ದು ಕೊಟ್ಟರೆ ಟಿಬಿ ಉಲ್ಬಣಿಸುತ್ತದೆ. ವೈದ್ಯರು ಸಮಯ ತೆಗೆದುಕೊಳ್ಳುವುದಕ್ಕೆ ಕಾರಣ ಅದು.

ಆರಾಮಾದ ಮೇಲೆ ಶುರುವಾಗುವ ಅಪಾಯ

ಈ ಕಾಯಿಲೆಯನ್ನು ಹತೋಟಿಯಲ್ಲಿ ಇಡಬಹುದು, ಬೇರುಸಹಿತ ಕಿತ್ತುಹಾಕುವ ಮದ್ದು ಇನ್ನೂ ಬಂದಿಲ್ಲ. ಮೆಸಲಮೈನ್, ಕೆಲವು ಕಾಲ ಸ್ಟೀರಾಯ್ಡ್, ಅಜಥಯೊಪ್ರಿನ್, ಹೆಚ್ಚು ತೀವ್ರವಾದರೆ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್‌ನಂತಹ ಇಂಜೆಕ್ಷನ್. ಮದ್ದು ಹಿಡಿದರೆ ಒಂದೆರಡು ತಿಂಗಳಲ್ಲಿ ರಕ್ತ ನಿಲ್ಲುತ್ತದೆ, ತೂಕ ಬರುತ್ತದೆ. ಹೆಚ್ಚಿನ ಯುವಕರು ತಪ್ಪುವುದು ಅಲ್ಲಿಯೇ. ‘ಈಗ ಆರಾಮುಂಟಲ್ಲ, ದಿನಾ ಮಾತ್ರೆ ಯಾಕೆ?’ ಅಂತ ಬಿಟ್ಟುಬಿಡುತ್ತಾರೆ. ನೋವಿಲ್ಲದಿದ್ದರೂ ಒಳಗೆ ಉರಿಯೂತ ಉಳಿದಿರಬಹುದು. ಅದು ಮತ್ತೆ ಕೆರಳಿದಾಗ ಮೊದಲಿನ ಮದ್ದು ಸಾಲದೆ ಸ್ಟೀರಾಯ್ಡ್, ಇಂಜೆಕ್ಷನ್, ಕೊನೆಗೆ ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ತಿಂಗಳ ಮಾತ್ರೆಯ ದುಡ್ಡು ಉಳಿಸಲು ಹೋಗಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ಸ್ಟೀರಾಯ್ಡನ್ನಂತೂ ವೈದ್ಯರ ಮಾತಿಲ್ಲದೆ ಒಮ್ಮೆಲೇ ನಿಲ್ಲಿಸುವುದು ಅಪಾಯ.

ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆ ನುಂಗುವುದರಿಂದ ಕಾಯಿಲೆ ಕೆರಳಬಹುದು. ಸಿಗರೇಟು ಕ್ರೋನ್ಸನ್ನು ಹೆಚ್ಚಿಸುತ್ತದೆ. ಊಟದಲ್ಲಿ ಎಲ್ಲರಿಗೂ ಒಂದೇ ಪಥ್ಯ ಇಲ್ಲ. ಯಾವುದು ತಿಂದರೆ ಆಗುವುದಿಲ್ಲ ಎಂದು ಬರೆದಿಟ್ಟುಕೊಂಡು ಅಷ್ಟನ್ನೇ ಬಿಟ್ಟರೆ ಸಾಕು. ಎಲ್ಲವನ್ನೂ ಬಿಟ್ಟು ಗಂಜಿಯಲ್ಲೇ ದಿನ ಕಳೆದರೆ ಶಕ್ತಿ ಎಲ್ಲಿಂದ ಬರುವುದು? ದೊಡ್ಡ ಕರುಳಿನಲ್ಲಿ ಕಾಯಿಲೆ ಇರುವವರು ಸುಮಾರು ಎಂಟು ವರ್ಷ ಕಳೆದ ಮೇಲೆ ಕ್ಯಾನ್ಸರ್ ತಪಾಸಣೆಗಾಗಿ ಆಗಾಗ ಕೊಲೊನೊಸ್ಕೋಪಿ ಮಾಡಿಸಿಕೊಳ್ಳಬೇಕು.

ಗಡಿಯಾಚೆಯ ಆಸ್ಪತ್ರೆ

ಕಾಸರಗೋಡಿನವರಿಗೆ ಕರುಳಿನ ತಜ್ಞರೆಂದರೆ ಹೆಚ್ಚಾಗಿ ಸುಮಾರು 50 ಕಿ.ಮೀ. ದೂರದ ಮಂಗಳೂರು ಅಥವಾ ದೇರಳಕಟ್ಟೆ. ಆ ದಾರಿ ಎಷ್ಟು ಸುಲಭವಾಗಿ ಮುಚ್ಚಬಹುದೆಂದು 2020ರ ಮಾರ್ಚ್‌ನಲ್ಲಿ ಜಿಲ್ಲೆ ಕಂಡಿದೆ. ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ಹಲವು ರೋಗಿಗಳು ತೀರಿಕೊಂಡರು, ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಮಧ್ಯಪ್ರವೇಶಿಸಬೇಕಾಯಿತು. 2013ರಲ್ಲಿ ಶಿಲಾನ್ಯಾಸವಾಗಿದ್ದ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜನ್ನು ಕೋವಿಡ್ ಆಸ್ಪತ್ರೆಯಾಗಿ ತೆರೆದದ್ದು ಅದೇ ಏಪ್ರಿಲ್‌ನಲ್ಲಿ.

ಆದ್ದರಿಂದ ಒಂದು ತಿಂಗಳ ಮದ್ದು ಯಾವಾಗಲೂ ಮನೆಯಲ್ಲಿ ಹೆಚ್ಚಿಗೆ ಇರಲಿ. ಕೊಲೊನೊಸ್ಕೋಪಿ, ಬಯಾಪ್ಸಿ ವರದಿಗಳ ಒಂದು ಫೈಲ್ ಮನೆಯಲ್ಲಿ, ಫೋಟೋ ಮೊಬೈಲ್‌ನಲ್ಲಿ ಇರಲಿ. ರಾತ್ರಿ ಹೊತ್ತು ಹತ್ತಿರದ ಆಸ್ಪತ್ರೆಗೆ ಹೋದರೂ ಅಲ್ಲಿನ ವೈದ್ಯರಿಗೆ ಇದು ದಾರಿ ತೋರಿಸುತ್ತದೆ. ಗಲ್ಫ್‌ಗೆ ಹೋಗುವವರು ವೈದ್ಯರ ಚೀಟಿಯೊಂದಿಗೆ ಮದ್ದನ್ನು ಹ್ಯಾಂಡ್ ಬ್ಯಾಗಿನಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು.

ಖರ್ಚಿನ ವಿಷಯ. ಅರ್ಹ ಕುಟುಂಬಗಳಿಗೆ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಚಿಕಿತ್ಸೆ ಉಂಟು. ಆದರೆ ಪ್ರತಿ ತಿಂಗಳ ಮಾತ್ರೆ ಅದರಲ್ಲಿ ಬರುವುದಿಲ್ಲ. ಕಾರುಣ್ಯ ಫಾರ್ಮಸಿ, ಜನೌಷಧಿ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ವಿಚಾರಿಸಬೇಕು. ಖಾಸಗಿ ಆರೋಗ್ಯ ವಿಮೆ ಮಾಡುವಾಗ ಕಾಯಿಲೆ ಮುಚ್ಚಿಡಬೇಡಿ. 2024ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ, ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಅವಧಿ ಹೆಚ್ಚೆಂದರೆ ಮೂರು ವರ್ಷ. ಮುಚ್ಚಿಟ್ಟದ್ದು ಗೊತ್ತಾದರೆ ಕ್ಲೇಮೇ ತಿರಸ್ಕಾರವಾಗಬಹುದು.

ರಂಜಾನ್ ಮತ್ತು ನಮಾಝ್

ರೋಗಿಗಳಿಗೆ ಉಪವಾಸದಲ್ಲಿ ರಿಯಾಯಿತಿ ಇರುವುದು ಕುರ್‌ಆನಿನ ಅಲ್ ಬಖರಾ ಅಧ್ಯಾಯದಲ್ಲೇ ಸ್ಪಷ್ಟವಿದೆ. ಗುಣವಾದ ಮೇಲೆ ಖಳಾ ವೀಟಬಹುದು, ಗುಣವಾಗುವ ನಿರೀಕ್ಷೆ ಇಲ್ಲದವರಿಗೆ ಫಿದ್ಯ ಇದೆ. ಆದರೂ ‘ಜನ ಏನು ಹೇಳಿಯಾರು’ ಎಂದು ರಕ್ತ ಹೋಗುತ್ತಿರುವಾಗಲೂ ಉಪವಾಸ ಹಿಡಿಯುವವರಿದ್ದಾರೆ. ಭೇದಿಯಿಂದ ನೀರು ಕಳೆದುಕೊಂಡ ದೇಹಕ್ಕೆ ಇದು ದೊಡ್ಡ ಹೊಡೆತ. ಕಾಯಿಲೆ ಹತೋಟಿಯಲ್ಲಿದ್ದರೆ ರಂಜಾನ್‌ಗೆ ಒಂದು ತಿಂಗಳು ಮೊದಲೇ ವೈದ್ಯರನ್ನು ಕಂಡು, ಮಾತ್ರೆಯ ಸಮಯವನ್ನು ಅತ್ತಾಳ, ಇಫ್ತಾರ್‌ಗೆ ಹೊಂದಿಸಬಹುದೇ ಎಂದು ಕೇಳಬೇಕು. ವುಝು ನಿಲ್ಲದ ಸ್ಥಿತಿ ಇದ್ದರೆ ಅದಕ್ಕೂ ಫಿಖ್‌ಹ್‌ನಲ್ಲಿ ದಾರಿ ಇದೆ, ಉಸ್ತಾದರಲ್ಲಿ ಬಿಚ್ಚಿ ಕೇಳಿದರೆ ಸಾಕು.

ಮದುವೆ, ಮಕ್ಕಳು

ಈ ಕಾಯಿಲೆ ಇರುವ ಹೆಚ್ಚಿನವರು ಮದುವೆಯಾಗಿ, ಮಕ್ಕಳಾಗಿ ಬಾಳುತ್ತಾರೆ. ಕಾಯಿಲೆ ಶಾಂತವಾಗಿ ಕೆಲವು ತಿಂಗಳು ಕಳೆದ ಮೇಲೆ ಗರ್ಭ ಧರಿಸುವುದು ತಾಯಿಗೂ ಮಗುವಿಗೂ ಕ್ಷೇಮ. ಗರ್ಭಿಣಿಯಾದೊಡನೆ ಹೆದರಿ ಎಲ್ಲ ಮದ್ದು ನಿಲ್ಲಿಸಬಾರದು. ಹೆಚ್ಚಿನವು ಮುಂದುವರಿಸಬಹುದಾದವು, ಆದರೆ ಮೆಥೊಟ್ರೆಕ್ಸೇಟ್ ಖಂಡಿತ ಕೂಡದು. ಸಲ್ಫಸಲಜಿನ್ ಮಾತ್ರೆ ಗಂಡಸರಲ್ಲಿ ವೀರ್ಯಾಣು ಕಡಿಮೆ ಮಾಡುತ್ತದೆ, ಮದ್ದು ಬದಲಿಸಿದರೆ ಸರಿಹೋಗುತ್ತದೆ. ಮಕ್ಕಳಾಗಲಿಲ್ಲವೆಂದು ಹೆಂಡತಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುವ ಮೊದಲು ಗಂಡ ತಾನು ನುಂಗುವ ಮಾತ್ರೆಯ ಹೆಸರು ನೋಡಲಿ.

ಹೇಳಿಕೊಂಡವರಿಗೆ ದಾರಿ ಉಂಟು

ಜಪಾನಿನ ಪ್ರಧಾನಿಯಾಗಿದ್ದ ಶಿಂಜೊ ಅಬೆ ಅವರಿಗೆ ಹದಿಹರೆಯದಿಂದಲೇ ಅಲ್ಸರೇಟಿವ್ ಕೊಲೈಟಿಸ್ ಇತ್ತು. 2007ರಲ್ಲಿ ಹುದ್ದೆ ಬಿಟ್ಟವರು ಹೊಸ ಮದ್ದಿನಿಂದ ಚೇತರಿಸಿ 2012ರಲ್ಲಿ ಮರಳಿ ಬಂದು ಅಲ್ಲಿನ ಅತಿ ದೀರ್ಘ ಕಾಲದ ಪ್ರಧಾನಿಯಾದರು. 2020ರಲ್ಲಿ ಕಾಯಿಲೆ ಮರುಕಳಿಸಿದಾಗ ಕಾರಣವನ್ನು ದೇಶದ ಮುಂದೆ ಹೇಳಿಯೇ ರಾಜೀನಾಮೆ ಕೊಟ್ಟರು.

ಊರಿನ ಹುಡುಗರು ಮಾತ್ರ ಮನೆಯವರಿಗೂ ಹೇಳದೆ ತಿಂಗಳುಗಟ್ಟಲೆ ರಕ್ತ ಕಳೆದುಕೊಳ್ಳುತ್ತಾರೆ. ಅಂಗಡಿ ಮಾಲಕನಿಗೆ ಒಂದು ಮಾತು ಹೇಳಿದರೆ ಶೌಚಾಲಯದ ಕೀ ಕೈಗೆ ಸಿಗುತ್ತದೆ. ಬಸ್ಸಿನ ಬದಲು ರೈಲಿನಲ್ಲಿ ಮಂಗಳೂರಿಗೆ ಹೋಗಬಹುದು. ಹೇಳಿಕೊಂಡರೆ ಇಂತಹ ಸಣ್ಣ ಸಣ್ಣ ದಾರಿಗಳು ಎಷ್ಟೋ ಇವೆ.

ಒಂದು ವಿಷಯ ಮನೆಯವರೆಲ್ಲರಿಗೂ ಗೊತ್ತಿರಲಿ. ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ರಕ್ತಭೇದಿಯ ಜೊತೆ ಜ್ವರ ಅಥವಾ ಎದೆಬಡಿತ ಹೆಚ್ಚಾದರೆ, ಹೊಟ್ಟೆ ಉಬ್ಬಿ ಗಟ್ಟಿಯಾದರೆ, ವಾಂತಿಯೊಂದಿಗೆ ಮಲ, ಗಾಳಿ ಎರಡೂ ನಿಂತರೆ ಬೆಳಗಾಗಲಿ ಅಂತ ಕಾಯಬೇಡಿ. ಫೈಲ್ ಹಿಡಿದು ಕೂಡಲೇ ಆಸ್ಪತ್ರೆಗೆ ಹೊರಡಿ.