ಬೆರಳಿನ ತಪ್ಪು, ಯಂತ್ರದ ತಿದ್ದುಪಡಿ

ಬರೆಯುವ ಕೈ ತಪ್ಪುವುದು ಸಹಜ. ಬೆರಳಚ್ಚಿನಲ್ಲಂತೂ ಮನಸ್ಸು ಸರಿಯಾಗಿ ನೆನೆದುದನ್ನೇ ಬೆರಳು ತಪ್ಪಾಗಿ ಒತ್ತುವುದುಂಟು. ಆದರೆ ಈ ತಪ್ಪುಗಳಿಗೂ ಒಂದು ಕ್ರಮವಿದೆ. ೧೯೬೪ರಲ್ಲಿ ಐಬಿಎಂ ಸಂಸ್ಥೆಯ ಫ್ರೆಡರಿಕ್ ಡ್ಯಾಮೆರೋ ಅವರು ಇಂಗ್ಲಿಷ್ ಕಾಗುಣಿತದ ತಪ್ಪುಗಳನ್ನು ಪರೀಕ್ಷಿಸಿ, ನೂರಕ್ಕೆ ಎಂಬತ್ತಕ್ಕೂ ಮಿಕ್ಕವು ನಾಲ್ಕೇ ಬಗೆಯವೆಂದು ತೋರಿಸಿದರು: ಒಂದು ಅಕ್ಷರ ಬಿಟ್ಟುಹೋಗುವುದು, ಒಂದು ಅಕ್ಷರ ಹೆಚ್ಚಾಗುವುದು, ಒಂದರ ಸ್ಥಾನದಲ್ಲಿ ಮತ್ತೊಂದು ಬರುವುದು, ಅಕ್ಕಪಕ್ಕದ ಎರಡು ಅಕ್ಷರಗಳು ಸ್ಥಳ ಬದಲಿಸುವುದು. ತಪ್ಪು ಹೀಗೆ ಮರುಕಳಿಸುವುದಾದರೆ ಅದರ ತಿದ್ದುಪಡಿಯನ್ನೂ ಮೊದಲೇ ಬರೆದಿಡಬಹುದಲ್ಲವೆ? ಕಂಪ್ಯೂಟರಿನಲ್ಲಿ ಬರಹಕ್ಕಾಗಿಯೇ ಇರುವ ವರ್ಡ್ ಪ್ರೊಸೆಸರುಗಳು ಮಾಡುವುದು ಇದನ್ನೇ.

ಈ ಏರ್ಪಾಡಿನ ಹುಟ್ಟನ್ನು ತಿಳಿದರೆ ಅದರ ಸ್ವಭಾವವೂ ತಿಳಿಯುತ್ತದೆ. ಮೈಕ್ರೊಸಾಫ್ಟ್ ಸಂಸ್ಥೆಯ ವರ್ಡ್ ತಂತ್ರಾಂಶದಲ್ಲಿ ಹಿಂದೆಯೇ ಒಂದು ಪದಸಂಚಯವಿತ್ತು. ಚಿಕ್ಕ ಹೆಸರೊಂದನ್ನು ಬರೆದು ಎಫ್-೩ ಕೀಲಿಯನ್ನು ಒತ್ತಿದರೆ, ಆ ಹೆಸರಿನಲ್ಲಿ ಕೂಡಿಟ್ಟಿದ್ದ ದೀರ್ಘ ಬರಹ ಮೂಡುತ್ತಿತ್ತು. ೧೯೯೦ರ ದಶಕದ ಆರಂಭದಲ್ಲಿ ಅಲ್ಲಿ ಕೆಲಸದಲ್ಲಿದ್ದ ಡೀನ್ ಹಚಮೊವಿಚ್ ಎಂಬವರು ಇದನ್ನು ತಿದ್ದುಪಡಿಗೂ ಬಳಸಬಹುದೆಂದು ಕಂಡರು. ಇಂಗ್ಲಿಷಿನ ‘ದಿ’ ಎಂಬ ಪದದ ಟಿ, ಎಚ್, ಇ ಎಂಬ ಅಕ್ಷರಗಳು ಅವಸರದಲ್ಲಿ ಟಿ, ಇ, ಎಚ್ ಆಗುವುದು ಬಹು ಸಾಮಾನ್ಯ. ತಪ್ಪು ರೂಪವನ್ನು ಹೆಸರಾಗಿಯೂ ಸರಿಯಾದ ರೂಪವನ್ನು ಬರಹವಾಗಿಯೂ ಇಟ್ಟರೆ ಸಾಕು. ಆದರೆ ಪ್ರತಿಸಲವೂ ಎಫ್-೩ ಒತ್ತುವವರಾರು? ಪದ ಮುಗಿದೊಡನೆ ಎಲ್ಲರೂ ಹೇಗೂ ಒತ್ತುವ ಸ್ಪೇಸ್ ಕೀಲಿಯೇ ಅಪ್ಪಣೆಯಾಗಲಿ ಎಂದು ಅವರು ಯೋಚಿಸಿದರು. ೧೯೯೩ರಲ್ಲಿ ಹೊರಬಂದ ವರ್ಡ್‌ನ ಆರನೆಯ ಆವೃತ್ತಿಯಲ್ಲಿ ಇದಕ್ಕೆ ‘ಆಟೋಕರೆಕ್ಟ್’ ಎಂದು ಹೆಸರಾಯಿತು. ಹಳೆಯ ಪದಸಂಚಯದ ಕೆಲಸ ‘ಆಟೋಟೆಕ್ಸ್ಟ್’ ಎಂಬ ಹೆಸರಿನಿಂದ ಇಂದಿಗೂ ಉಳಿದಿದೆ. ಆಟೋಟೆಕ್ಸ್ಟ್ ನಮ್ಮ ಅಪ್ಪಣೆಗಾಗಿ ಕಾಯುತ್ತದೆ, ಆಟೋಕರೆಕ್ಟ್ ಕಾಯುವುದಿಲ್ಲ. ಇದೇ ಎರಡಕ್ಕೂ ಇರುವ ಮುಖ್ಯ ಭೇದ.

ಆಟೋಕರೆಕ್ಟಿನ ತಿರುಳು ಎರಡು ಸಾಲುಗಳ ಒಂದು ಪಟ್ಟಿ. ಎಡಗಡೆ ತಪ್ಪು, ಬಲಗಡೆ ಒಪ್ಪು. ಪದ ಮುಗಿದೊಡನೆ ಯಂತ್ರವು ಅದನ್ನು ಎಡಸಾಲಿನೊಡನೆ ಹೋಲಿಸಿ, ಕೂಡಿದರೆ ಬಲಸಾಲಿನದನ್ನು ತಂದಿಡುತ್ತದೆ. ಅರ್ಥವನ್ನು ಅದು ನೋಡುವುದೇ ಇಲ್ಲ. ಈ ಪಟ್ಟಿಯಲ್ಲಿ ನಮಗೆ ಬೇಕಾದುದನ್ನು ಸೇರಿಸಬಹುದು, ಬೇಡವಾದುದನ್ನು ಅಳಿಸಬಹುದು. ವರ್ಡ್‌ನಲ್ಲಿ ಫೈಲ್, ಆಪ್ಷನ್ಸ್, ಪ್ರೂಫಿಂಗ್ ಎಂಬ ಮೂರು ಬಾಗಿಲುಗಳನ್ನು ದಾಟಿದರೆ ಇದು ಸಿಕ್ಕುತ್ತದೆ. ಉಚಿತವಾಗಿ ದೊರೆಯುವ ಲಿಬ್ರೆಆಫೀಸ್ ರೈಟರ್‌ನಲ್ಲಿ ಇದು ಟೂಲ್ಸ್ ಎಂಬಲ್ಲಿದೆ. ಅಲ್ಲಿ ಒಂದೊಂದು ಭಾಷೆಗೂ ಬೇರೆಬೇರೆ ಪಟ್ಟಿಯಿರುವುದರಿಂದ ಮೊದಲು ಕನ್ನಡವನ್ನು ಆರಿಸಿಕೊಳ್ಳಬೇಕು.

ಧಾರವಾಡದ ‘ಕರ್ನಾಟಕ ವಿಶ್ವವಿದ್ಯಾಲಯ’ದ ಹೆಸರನ್ನು ದಿನಕ್ಕೆ ಹತ್ತಾರು ಸಲ ಬರೆಯಬೇಕಾದವರು ಅದಕ್ಕೊಂದು ಸಂಕ್ಷೇಪವನ್ನು ಇಟ್ಟುಕೊಳ್ಳಬಹುದು. ಆ ಸಂಕ್ಷೇಪ ‘ಕವಿ’ ಎಂದಾದರೆ ಏನಾದೀತು? ‘ಕವಿ ಬೇಂದ್ರೆ’ ಎಂದು ಬರೆದಲ್ಲಿ ‘ಕರ್ನಾಟಕ ವಿಶ್ವವಿದ್ಯಾಲಯ ಬೇಂದ್ರೆ’ ಎಂದು ಮೂಡೀತು! ‘ಕವಿವಿ’ ಎಂದಿಟ್ಟರೆ ಈ ತೊಡಕಿಲ್ಲ. ಭಾಷೆಯಲ್ಲಿ ಬೇರೆ ಅರ್ಥವಿರುವ ಪದವನ್ನು ಎಡಸಾಲಿನಲ್ಲಿ ಎಂದಿಗೂ ಇಡಬಾರದು.

ಕನ್ನಡಕ್ಕೆ ಇನ್ನೊಂದು ತೊಡಕುಂಟು. ನಮ್ಮ ಪದಗಳಿಗೆ ವಿಭಕ್ತಿಗಳು ಅಂಟಿಕೊಂಡೇ ಬರುತ್ತವೆ. ‘ಅದ್ಯಕ್ಷ’ ಎಂಬುದನ್ನು ‘ಅಧ್ಯಕ್ಷ’ ಎಂದು ತಿದ್ದಲು ಹೇಳಿಟ್ಟರೆ, ‘ಅದ್ಯಕ್ಷರಿಗೆ’ ಎಂಬುದು ಹಾಗೆಯೇ ಉಳಿಯುತ್ತದೆ. ಯಂತ್ರಕ್ಕೆ ಅದು ಬೇರೆಯೇ ಪದ. ರೈಟರ್‌ನಲ್ಲಿ ಇದಕ್ಕೆ ಉಪಾಯವಿದೆ. ಎಡಸಾಲಿನ ಪದದ ಕೊನೆಗೆ ಒಂದು ಚುಕ್ಕೆಯನ್ನೂ ಒಂದು ನಕ್ಷತ್ರ ಚಿಹ್ನೆಯನ್ನೂ ಸೇರಿಸಿ ‘ಅದ್ಯಕ್ಷ.*’ ಎಂದು ಬರೆದರೆ, ಮುಂದೆ ಏನೇ ಅಂಟಿದ್ದರೂ ಮೂಲ ಮಾತ್ರ ತಿದ್ದಲ್ಪಟ್ಟು ಪ್ರತ್ಯಯ ಉಳಿಯುತ್ತದೆ. ಆದರೆ ಸಂಕ್ಷೇಪಗಳಿಗೆ ಈ ಉಪಾಯ ಸಲ್ಲದು. ‘ಕವಿವಿಗೆ’ ಎಂಬುದು ಆಗ ‘ಕರ್ನಾಟಕ ವಿಶ್ವವಿದ್ಯಾಲಯಗೆ’ ಎಂದಾಗುವುದು. ‘ವಿಶ್ವವಿದ್ಯಾಲಯಕ್ಕೆ’ ಎನ್ನಬೇಕೆಂಬ ವ್ಯಾಕರಣವನ್ನು ಪಟ್ಟಿಯು ಅರಿಯದು. ಸಂಕ್ಷೇಪವು ಬಿಡಿಸಿಕೊಂಡ ಮೇಲೆ ಪ್ರತ್ಯಯವನ್ನು ನಾವೇ ಹಚ್ಚುವುದು ಲೇಸು.

ಇನ್ನು ವಿಳಾಸ, ಪತ್ರದ ಒಕ್ಕಣೆ, ನಾಲ್ಕಾರು ಸಾಲಿನ ಷರತ್ತುಗಳು ಮುಂತಾದ ದೀರ್ಘ ಬರಹಗಳನ್ನು ಆಟೋಟೆಕ್ಸ್ಟಿಗೆ ವಹಿಸುವುದು ಮೇಲು. ಎಫ್-೩ ಒತ್ತದೆ ಅವು ಮೂಡವು; ಆದುದರಿಂದ ಅವುಗಳ ಹೆಸರು ಸಾಮಾನ್ಯ ಪದವೇ ಆಗಿದ್ದರೂ ಬಾಧಕವಿಲ್ಲ.

ಅಪ್ಪಣೆಯಿಲ್ಲದ ಮಾರ್ಪಾಟು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ವಿಜ್ಞಾನದಲ್ಲಿಯೇ ಒಂದು ನಿದರ್ಶನವಿದೆ. ಲೆಕ್ಕದ ಹಾಳೆಗಳ ತಂತ್ರಾಂಶವಾದ ಎಕ್ಸೆಲ್, ತಾರೀಖಿನಂತೆ ಕಾಣುವುದನ್ನು ಸಾಮಾನ್ಯವಾಗಿ ತಾನಾಗಿಯೇ ತಾರೀಖನ್ನಾಗಿ ಮಾಡಿಬಿಡುತ್ತದೆ. ಮಾನವನ ಜೀನುಗಳಲ್ಲಿ ಕೆಲವಕ್ಕೆ ‘ಮಾರ್ಚ್೧’, ‘ಸೆಪ್ಟ್೨’ ಎಂಬಂತಹ ಸಂಕೇತನಾಮಗಳಿದ್ದವು. ಸಂಶೋಧಕರ ಪಟ್ಟಿಗಳಲ್ಲಿ ಇವು ಮಾರ್ಚ್ ತಿಂಗಳ ಮೊದಲನೆಯ ದಿನವೂ ಸೆಪ್ಟೆಂಬರಿನ ಎರಡನೆಯ ದಿನವೂ ಆಗಿಹೋದವು. ಈ ದೋಷವನ್ನು ೨೦೦೪ರಲ್ಲಿಯೇ ಎತ್ತಿ ತೋರಿಸಲಾಗಿತ್ತು. ಆದರೂ ೨೦೧೬ರಲ್ಲಿ ಪ್ರಕಟವಾದ ಪರಿಶೀಲನೆಯೊಂದು, ಎಕ್ಸೆಲ್ ಹಾಳೆಗಳಲ್ಲಿ ಜೀನುಗಳ ಪಟ್ಟಿಯನ್ನು ಲಗತ್ತಿಸಿದ್ದ ಸಂಶೋಧನ ಲೇಖನಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಇಂತಹ ದೋಷಕ್ಕೆ ಒಳಗಾಗಿದೆಯೆಂದು ಕಂಡಿತು. ಕಡೆಗೆ ೨೦೨೦ರಲ್ಲಿ ನಾಮಕರಣ ಸಮಿತಿಯವರು ಆ ಜೀನುಗಳ ಹೆಸರುಗಳನ್ನೇ ಬದಲಿಸಿದುದನ್ನು ಪ್ರಕಟಿಸಿದರು. ಈ ಮಾರ್ಪಾಟನ್ನು ನಿಲ್ಲಿಸುವ ಸೌಕರ್ಯ ಎಕ್ಸೆಲ್‌ನಲ್ಲಿ ಬಂದದ್ದು ೨೦೨೩ರಲ್ಲಿ.

ಹಾಗೆಂದು ಈ ಸೌಕರ್ಯವನ್ನು ತೊರೆಯಬೇಕಾದುದಿಲ್ಲ. ಯಂತ್ರವು ತಿದ್ದಿದುದು ಒಪ್ಪದಿದ್ದರೆ ಒಡನೆಯೇ ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಕೂಡಿ ಒತ್ತಿದರೆ ನಾವು ಬರೆದುದು ಮರಳಿ ಬರುತ್ತದೆ. ಅದೇ ತಿದ್ದುಪಡಿ ಮತ್ತೆ ಮತ್ತೆ ಕಾಡಿದರೆ ಪಟ್ಟಿಯಿಂದಲೇ ಅದನ್ನು ತೆಗೆದುಹಾಕಬೇಕು. ಪಟ್ಟಿ ಎಷ್ಟೇ ಚೆನ್ನಾಗಿದ್ದರೂ, ಬರೆದುದನ್ನು ಕಳುಹಿಸುವ ಮುನ್ನ ಒಮ್ಮೆ ನಮ್ಮ ಕಣ್ಣಿನಿಂದಲೇ ಓದಿಕೊಳ್ಳುವ ಅಭ್ಯಾಸವನ್ನು ಮಾತ್ರ ಬಿಡಬಾರದು.