ಜೋಳದ ಹಿಟ್ಟಿನಲ್ಲಿ ಅಕ್ಷರಾಭ್ಯಾಸ

ಲೋಟವನ್ನು ಬೋರಲು ಹಾಕಿದರೂ ಅದು ಲೋಟವೇ. ಮಾತು ಬರುವ ಮೊದಲೇ ಮಗುವು ಈ ಪಾಠವನ್ನು ಕಲಿತಿರುತ್ತದೆ. ಅಕ್ಷರಗಳ ಲೋಕದಲ್ಲಾದರೋ ನಿಯಮವೇ ಬೇರೆ. ದಕಾರದ ಹೊಟ್ಟೆಯನ್ನು ಕೊಂಚ ಸೀಳಿದೊಡನೆ ಅದು ಧಕಾರವಾಗುವುದು, ದನವು ಧನವಾಗುವುದು! ಇಷ್ಟು ಸೂಕ್ಷ್ಮವಾದ ಭೇದವನ್ನು ಗ್ರಹಿಸಲು ಕಣ್ಣಿಗೆ ಬೆರಳಿನ ನೆರವು ಬೇಕು. ನಮ್ಮ ಹಿರಿಯರು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದುದು ಇದಕ್ಕಾಗಿಯೇ. 1907ರಲ್ಲಿ ರೋಮ್ ನಗರದಲ್ಲಿ ಶಿಶುಗೃಹವನ್ನು ತೆರೆದ ಮರಿಯಾ ಮಾಂಟೆಸೊರಿಯವರೂ ಉಪ್ಪುಕಾಗದದ ಅಕ್ಷರಗಳನ್ನು ಮಕ್ಕಳ ಬೆರಳಿನಿಂದ ಸವರಿಸಿದರು.

ಹುಮನಾಬಾದ್ ತಾಲ್ಲೂಕಿನ ಹುಡಗಿಯಂತಹ ಊರಿನಲ್ಲಿ ಇದಕ್ಕೆ ಬೇಕಾದ ಸಾಮಗ್ರಿಯು ಅಡಿಗೆಮನೆಯಲ್ಲಿಯೇ ಉಂಟು. ಒಂದು ತಟ್ಟೆಯಲ್ಲಿ ಜೋಳದ ಕಾಳನ್ನೂ ಇನ್ನೊಂದರಲ್ಲಿ ಜೋಳದ ಹಿಟ್ಟನ್ನೂ ತೆಳುವಾಗಿ ಹರಡಿ, ಎರಡರಲ್ಲಿಯೂ 'ಧ' ಎಂದು ಬರೆದು ನೋಡೋಣ. ಕಾಳು ದುಂಡಗಿದೆ, ಗೆರೆಯ ಅಂಚಿನಿಂದ ಉರುಳಿ ಬಂದು ಸೀಳನ್ನೇ ಮುಚ್ಚಿಬಿಡುತ್ತದೆ. ಹಿಟ್ಟಿನ ಕಣಗಳಾದರೋ ಅತಿ ಸಣ್ಣವು. ಅವು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಅಂಚು ಕುಸಿಯದೆ ನಿಲ್ಲುವುದು. ಕಣವು ಗೆರೆಗಿಂತ ಬಹಳ ಚಿಕ್ಕದಾಗಿದ್ದರೆ ಮಾತ್ರ ಗೆರೆಯು ಸ್ಪಷ್ಟವಾಗುವುದೆಂಬ ತತ್ತ್ವವು ಇಲ್ಲಿ ಕೈಗೆ ಸಿಗುತ್ತದೆ.

ಆದುದರಿಂದ ಎಳೆಯರಿಗೆ ಹಿಟ್ಟಿನ ತಟ್ಟೆಯೇ ಲೇಸು. ಕಾಳನ್ನು ಅವರು ಮೂಗಿಗೋ ಗಂಟಲಿಗೋ ಸೇರಿಸಿಕೊಳ್ಳುವ ಅಪಾಯವೂ ಉಂಟು. ಅಕ್ಷರವನ್ನು ಅಂಗೈಯಗಲ ಬರೆದು, ಅದರ ಧ್ವನಿಯನ್ನು ಉಚ್ಚರಿಸುತ್ತ ಮಗುವಿನಿಂದ ತಿದ್ದಿಸಬೇಕು. ಮೊದಲು 'ದ' ಬರೆಯಿಸಿ, ಬಳಿಕ ಹೊಟ್ಟೆಯನ್ನು ಅದರಿಂದಲೇ ಸೀಳಿಸಬೇಕು. ತಪ್ಪಾದರೆ ತಟ್ಟೆಯನ್ನು ಅಲುಗಿಸಿದರಾಯಿತು, ತಪ್ಪು ಮಾಯವಾಗುವುದು. ಗದರಿಕೆಯಿಲ್ಲದ ಈ ಆಟದಲ್ಲಿ ಅಕ್ಷರದ ಭಯವು ಹುಟ್ಟುವುದೇ ಇಲ್ಲ. ಮನೆಯಲ್ಲಿ ಪುಟ್ಟ ತಮ್ಮತಂಗಿಯರಿರುವ ವಿದ್ಯಾರ್ಥಿಗಳು ಇಂದೇ ಪರೀಕ್ಷಿಸಿ ನೋಡಬಹುದು.